ಗೀಸರ್‌ನಿಂದ ಹನಿ ಹನಿ, ಗೋಡೆಗೆ ಹಾನಿ!

ನೀರು ತುಂಬುವ ಹಬ್ಬ ಬಂತೆಂದರೆ ನಮ್ಮ ಕಡೆ ಹೆಂಗಸರಿಗೆ ಕೈತುಂಬ ಕೆಲಸ. ಬಚ್ಚಲುಮನೆ ತಿಕ್ಕಿ ತೊಳೆಯಬೇಕು. ವರ್ಷವಿಡೀ ಹೊಗೆ ಕುಡಿದು ಕಪ್ಪಾದ ಹಂಡೆಯನ್ನು ಇಳಿಸಿ, ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಫಳಫಳ ಮಾಡಬೇಕು. ತಳದಲ್ಲಿ ಗಟ್ಟಿಯಾಗಿ ಕೂತ ಬಿಳಿ ಸುಣ್ಣದ ಪದರನ್ನು ಕೆರೆದು ತೆಗೆಯಬೇಕು. ಆಮೇಲೆ ಹೊಸ ನೀರು ತುಂಬಿ, ಅರಿಸಿನ-ಕುಂಕುಮ ಹಚ್ಚಿ ಪೂಜೆ. ಮರುದಿನ ನಸುಕಿನಲ್ಲಿ ಎಣ್ಣೆ ಸ್ನಾನ. ದೀಪಾವಳಿ ಶುರುವಾಗುವುದೇ ಅಲ್ಲಿಂದ ಅಲ್ವೇ?

ಈಗ ಹೇಳಿ, ನಿಮ್ಮ ಮನೆಯ ಗೀಸರ್‌ನ ಹೊಟ್ಟೆಯೊಳಗೆ ಏನಿದೆ ಎಂದು ಕೊನೆಯ ಸಲ ನೋಡಿಸಿದ್ದು ಯಾವಾಗ?

ಬಹಳ ಮನೆಗಳಲ್ಲಿ ಉತ್ತರ ಒಂದೇ: "ತಂದಾಗಿನಿಂದ ನೋಡಿಯೇ ಇಲ್ಲ." ಹಂಡೆಯ ಜಾಗಕ್ಕೆ ಗೀಸರ್ ಬಂತು, ಕಟ್ಟಿಗೆ-ಹೊಗೆಯ ಕಾಟ ತಪ್ಪಿತು, ಸ್ವಿಚ್ ಒತ್ತಿದರೆ ಬಿಸಿನೀರು. ಆದರೆ ಹಂಡೆಗಿದ್ದ ವರ್ಷದ ಉಪಚಾರ ಮಾತ್ರ ಗೀಸರ್‌ಗೆ ಸಿಗಲಿಲ್ಲ. ಹಂಡೆ ಸೋರಿದರೆ ಒಲೆ ಆರುತ್ತಿತ್ತು, ಆ ಕ್ಷಣವೇ ಗೊತ್ತಾಗುತ್ತಿತ್ತು. ಗೀಸರ್ ಹಾಗಲ್ಲ. ಅದು ಗೋಡೆಯ ಮೇಲೆ, ನಮ್ಮ ತಲೆಗಿಂತ ಎತ್ತರದಲ್ಲಿ, ಚೆಂದದ ಬಿಳಿ ಕವಚದೊಳಗೆ ಕೂತಿರುತ್ತದೆ. ಅದು ಸೋರುವುದು ಗೊತ್ತಾಗುವ ಹೊತ್ತಿಗೆ ಗೋಡೆ, ಕಪಾಟು, ಕೆಲವೊಮ್ಮೆ ಕೆಳಗಿನ ಮನೆಯವರ ಛಾವಣಿ ಕೂಡ ಹಾಳಾಗಿರುತ್ತದೆ. ಸಮಾಧಾನದ ಸಂಗತಿ ಎಂದರೆ, ಗೀಸರ್ ಒಮ್ಮೆಲೇ ಕೈಕೊಡುವುದು ಕಡಿಮೆ. ಮೊದಲೇ ಸೂಚನೆ ಕೊಡುತ್ತದೆ. ಆ ಸೂಚನೆ ಗುರುತಿಸಲು ನಾವು ಕಲಿತರೆ ಸಾಕು.

ನಮ್ಮ ನೀರೇ ಹೀಗೆ!

ಭೀಮೆಯಲ್ಲಿ ಮಿಂದು ಭಾಗ್ಯವಂತಿ ದೇವಿಯ ದರ್ಶನ ಮಾಡುವ ಘತ್ತರಗಿ ಕಡೆಯವರಿಗೆ ಸ್ನಾನದ ನೀರಿನ ಚಿಂತೆ ಇರಲಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ಕಡೆಯಿಂದ ಮಕ್ಕಳ ಓದು, ನೌಕರಿ ಎಂದು ಕಲಬುರಗಿಗೆ ಬಂದು ಮನೆ ಮಾಡಿದವರಿಗೆ ಮಾತ್ರ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಕಾರ್ಪೊರೇಷನ್ ನಳದಲ್ಲಿ ಬರುವ ಹೊಳೆ ನೀರು ಸಾಲದೆ ಬೋರ್‌ವೆಲ್ ನೀರನ್ನೂ ಸಂಪಿಗೆ ಬಿಟ್ಟುಕೊಳ್ಳುತ್ತೇವೆ. ಹೊಳೆ ನೀರಿಗಿಂತ ಬೋರ್ ನೀರು ಸಾಮಾನ್ಯವಾಗಿ ಹೆಚ್ಚು ಗಡಸು. ನಮ್ಮ ಜಿಲ್ಲೆಯ ನೆಲವನ್ನೇ ನೋಡಿ. ಶಹಾಬಾದ, ವಾಡಿ, ಸೇಡಂ, ಮಳಖೇಡ ಸುತ್ತ ಭೂಮಿಯೊಳಗೆಲ್ಲ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಅಷ್ಟು ಸಿಮೆಂಟ್ ಕಾರ್ಖಾನೆಗಳು. ಅಂಥ ಕಲ್ಲಿನ ಸಂದಿಯಲ್ಲಿ ನಿಂತು ಬಂದ ನೀರು ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ.

ನೀರು ಗಡಸೋ ಅಲ್ಲವೋ ಎಂದು ತಿಳಿಯಲು ಲ್ಯಾಬೇ ಬೇಕಿಲ್ಲ. ತೊಗರಿ ಬೇಳೆಯ ನಾಡಿನಲ್ಲಿದ್ದೂ ಬೇಳೆ ಬೇಗ ಮೆತ್ತಗೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ನಳದ ಬಾಯಿಗೆ ಬಿಳಿ ಕಲೆ ಕಟ್ಟುತ್ತದೆ, ಸ್ಟೀಲ್ ಪಾತ್ರೆ ಒಣಗಿದರೆ ಬಿಳಿ ಚುಕ್ಕಿ ಉಳಿಯುತ್ತದೆ. ಇಷ್ಟು ಕಂಡರೆ ನೀರು ಗಡಸು ಎಂದೇ ತಿಳಿಯಿರಿ. ನೀರಿನ ಪರೀಕ್ಷೆ ಮಾಡಿಸುವುದಾದರೆ ವರದಿಯಲ್ಲಿ 'ಒಟ್ಟು ಗಡಸುತನ' ಎಂಬ ಸಾಲು ನೋಡಿ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಗಡಸು ನೀರು ಬಿಸಿಯಾದಾಗ ಅದರಲ್ಲಿ ಕರಗಿದ ಸುಣ್ಣ ಬೇರೆಯಾಗಿ ಗಟ್ಟಿಯಾಗುತ್ತದೆ. ನೀರು ಬಿಸಿಯಾದಷ್ಟೂ ಇದು ಹೆಚ್ಚು. ಹಂಡೆಯಲ್ಲಿ ಈ ಪದರು ಕಣ್ಣಿಗೆ ಕಾಣುತ್ತಿತ್ತು. ಗೀಸರ್‌ನಲ್ಲಿ ಅದು ನೀರು ಕಾಸುವ ಎಲಿಮೆಂಟ್ ಸುತ್ತ, ಟ್ಯಾಂಕಿನ ತಳದಲ್ಲಿ, ಸೇಫ್ಟಿ ವಾಲ್ವ್‌ನ ಸಣ್ಣ ತೂತಿನಲ್ಲಿ ಹೋಗಿ ಕೂರುತ್ತದೆ. ಪದರು ದಪ್ಪವಾದ ಎಲಿಮೆಂಟ್ ಅತಿಯಾಗಿ ಕಾದು ಒಡೆಯುತ್ತದೆ. ಪದರಿನ ಅಡಿಯಲ್ಲಿ ಟ್ಯಾಂಕಿನ ತಗಡು ಸವೆಯುತ್ತದೆ. ಮಳೆಗಾಲದ ರಾಡಿ ನೀರು ಸೇರಿದರೆ ಮಣ್ಣೂ ಜೊತೆಗೂಡುತ್ತದೆ. ಅದಕ್ಕೇ ಬೇರೆ ಊರಿನ ನೆಂಟರ ಮನೆಯಲ್ಲಿ ಹತ್ತು ವರ್ಷ ಬಂದ ಗೀಸರ್ ನಮ್ಮಲ್ಲಿ ಅಷ್ಟು ಕಾಲ ಬಾಳದೇ ಹೋಗಬಹುದು. ತಪ್ಪು ಗೀಸರ್‌ನದೇ ಆಗಿರಬೇಕೆಂದಿಲ್ಲ!

ಒಂದು ಹನಿಯ ಲೆಕ್ಕ

"ಹನಿ ತೊಟ್ಟಿಕ್ಕುತ್ತೆ ಅಷ್ಟೇ, ಬಚ್ಚಲಲ್ಲೇ ತಾನೇ ಬೀಳೋದು" ಎಂದು ಸುಮ್ಮನಿರುವವರೇ ಹೆಚ್ಚು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸುಮಾರು 20 ಹನಿ ಸೇರಿದರೆ ಒಂದು ಮಿಲಿ ಲೀಟರ್. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ, ತಿಂಗಳಿಗೆ ಸುಮಾರು 130 ಲೀಟರ್. ಹದಿನೈದು ಲೀಟರಿನ ಬಕೆಟ್‌ನಲ್ಲಿ ಎಂಟಕ್ಕಿಂತ ಹೆಚ್ಚು ಬಕೆಟ್! ಇಷ್ಟು ನೀರು ಬಚ್ಚಲ ನೆಲಕ್ಕೆ ಬೀಳದೆ ಗೋಡೆಯೊಳಗೆ ಇಳಿಯುತ್ತಿದ್ದರೆ?

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗ ದಂಡೆಯ ಊರುಗಳಿಗೆ ನೀರು ಹೊಕ್ಕಿದ್ದನ್ನು ಎಲ್ಲರೂ ನೋಡಿದರು. ನೀರು ಬಂದದ್ದೂ ಕಂಡಿತು, ಇಳಿದದ್ದೂ ಕಂಡಿತು. ಗೋಡೆಯೊಳಗಿನ ಸೋರಿಕೆ ಮಾತ್ರ ತಿಂಗಳುಗಟ್ಟಲೆ ಕಾಣುವುದಿಲ್ಲ. ಅದು ಸಿಮೆಂಟ್, ಇಟ್ಟಿಗೆಯಲ್ಲಿ ಹಬ್ಬುತ್ತದೆ. ಗೋಡೆಯಲ್ಲಿನ ಉಪ್ಪು ಹೊರಗೆ ಬಂದು ಬಣ್ಣ ಗುಳ್ಳೆ ಏಳುತ್ತದೆ, ಗಿಲಾವು ಉದುರುತ್ತದೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳಿಗೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕಾಂಕ್ರೀಟ್ ಬಿರಿದು ಚೂರು ಬೀಳುತ್ತದೆ. ಶಹಾಬಾದ ಕಲ್ಲು ಹಾಸಿದ ಹಳೆಯ ಮನೆಗಳಲ್ಲಿ ಕಲ್ಲಿನ ಸಂದಿ ಹಿಡಿದು ನೀರು ಪಕ್ಕದ ಕೋಣೆಯವರೆಗೂ ಹೋಗುತ್ತದೆ. ಎಲ್ಲಕ್ಕಿಂತ ಅಪಾಯ, ಅದೇ ಗೋಡೆಯಲ್ಲಿ ಕರೆಂಟ್ ವೈರ್ ಇರುವುದು.

ಗೋಡೆಯ ಆಚೆ ಬದಿ ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಅಕ್ಕ ಒಬ್ಬರ ಮನೆಯಲ್ಲಿ ನಡೆದದ್ದು ಕೇಳಿ. ಬೆಡ್‌ರೂಮಿನ ಗೋಡೆಗಂಟಿದ ಕಪಾಟು. ಮಳೆಗಾಲದಲ್ಲಿ ಅದರೊಳಗೆ ಮುಗ್ಗಲು ವಾಸನೆ ಶುರುವಾಯಿತು. ಮಳೆಯ ತಂಡಿ ಎಂದುಕೊಂಡು ನುಸಿಗುಳಿಗೆ ಇಟ್ಟರು. ಗೋಡೆಯ ಬಣ್ಣ ಉಬ್ಬಿತು, ಬಣ್ಣ ಹೊಡೆಸಿದರು. ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಎರಡನೇ ಸಲ ಬಂದ ಪೇಂಟರ್ ಗೋಡೆ ಮುಟ್ಟಿ ನೋಡಿ, "ಇದು ಬಣ್ಣದ ಕೆಲಸ ಅಲ್ರಿ ಅಕ್ಕಾರ. ಗೋಡಿ ಆಚಿಗಿ ಗೀಸರ್ ಅದ ಏನ್ರಿ?" ಎಂದು ಕೇಳಿದ.

ಹೌದು, ಆಚೆ ಬದಿ ಬಚ್ಚಲು, ಸರಿಯಾಗಿ ಆ ಕಪಾಟಿನ ಹಿಂದೆಯೇ ಗೀಸರ್. ಬಿಸಿನೀರಿನ ಪೈಪ್ ಗೋಡೆಯೊಳಗೆ ಹೋಗುವ ಜಾಗದಲ್ಲಿ ಜಾಯಿಂಟ್ ಸಡಿಲವಾಗಿತ್ತು. ನೀರು ಟೈಲ್ಸ್ ಮೇಲೆ ಬರದೆ ನೇರ ಗೋಡೆಯೊಳಗೆ ಇಳಿಯುತ್ತಿತ್ತು. ಜಾಯಿಂಟ್ ಬಿಗಿ ಮಾಡಿ ಹೊಸ ವಾಷರ್ ಹಾಕಲು ಪ್ಲಂಬರ್‌ಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆದರೆ ಕಪಾಟಿನ ಹಿಂಬದಿಯ ಪ್ಲೈವುಡ್ ಪುಡಿಯಾಗಿತ್ತು. ಮದುವೆಯ ರೇಷ್ಮೆ ಸೀರೆಯ ಜರಿ ಕಪ್ಪಾಗಿತ್ತು. ಮಕ್ಕಳ ಮಾರ್ಕ್ಸ್ ಕಾರ್ಡ್ ಇಟ್ಟಿದ್ದ ಫೈಲ್ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಸೀರೆಯನ್ನು ಮತ್ತೆ ಕೊಳ್ಳಬಹುದು, ತಾಯಿ ಉಡಿಸಿದ ಸೀರೆಯನ್ನು ಕೊಳ್ಳಲಾದೀತೇ?

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಗೀಸರ್ ಇರುವ ಗೋಡೆಯ ಹಿಂಬದಿ ಯಾವ ಕೋಣೆ ಬರುತ್ತದೆ, ಅಲ್ಲಿ ಏನಿಟ್ಟಿದ್ದೀರಿ ನೋಡಿ. ಗೋಡೆಗೆ ಅಂಗೈ ಒತ್ತಿ ಹಿಡಿಯಿರಿ. ಸುತ್ತಲಿನ ಗೋಡೆಗಿಂತ ತಣ್ಣಗಿದೆಯೇ? ಬಣ್ಣ ಉಬ್ಬಿದೆಯೇ? ಕಪಾಟು ತೆರೆದರೆ ಮುಗ್ಗಲು ವಾಸನೆಯೇ? ರೇಷ್ಮೆ ಸೀರೆ, ಮನೆಪತ್ರ, ಸರ್ಟಿಫಿಕೇಟ್‌ಗಳನ್ನು ಆ ಕಪಾಟಿನಲ್ಲಿ ಇಡಲೇಬೇಡಿ. ಬೇರೆ ಜಾಗವೇ ಇಲ್ಲದಿದ್ದರೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲಿನ ಅರೆಯಲ್ಲಿಡಿ.

ನೀರು ಎಲ್ಲಿಂದ ಬರುತ್ತಿದೆ?

ಹನಿ ಕಂಡ ತಕ್ಷಣ ಗೀಸರ್ ಕೆಟ್ಟಿತು ಎಂದು ಗಾಬರಿ ಬೇಡ. ಎಲ್ಲಿಂದ ಬರುತ್ತಿದೆ ಎನ್ನುವುದೇ ಮುಖ್ಯ. ಮೊದಲು ಸ್ವಿಚ್ ಆಫ್ ಮಾಡಿ, ಗೀಸರ್ ಪೂರ್ತಿ ತಣ್ಣಗಾಗಲಿ. ಒಣಬಟ್ಟೆಯಿಂದ ಪೈಪ್, ಜಾಯಿಂಟ್‌ಗಳನ್ನೆಲ್ಲ ಒರೆಸಿ. ಆಮೇಲೆ ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ಅರ್ಧ ಗಂಟೆ ಬಿಡಿ. ಯಾವುದು ಮೊದಲು ಒದ್ದೆಯಾಯಿತೋ ಅಲ್ಲೇ ಕಳ್ಳ!

ಜಾಯಿಂಟ್, ವಾಷರ್: ಎಲ್ಲಕ್ಕಿಂತ ಸುಲಭದ್ದು ಇದು. ವಾಷರ್ ಬದಲಿಸಿ, ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದರೆ ಮುಗಿಯಿತು. ನೀವೇ ಸ್ಪ್ಯಾನರ್ ಹಿಡಿದು ಜೋರಾಗಿ ತಿರುಗಿಸಲು ಹೋಗಬೇಡಿ, ಹಳೆಯ ಪೈಪಿನ ಮರೆಯೇ ಮುರಿದೀತು.

ಬಳುಕುವ ಕನೆಕ್ಷನ್ ಪೈಪ್: ಮೇಲೆ ಸ್ಟೀಲ್ ಜಾಲರಿ ಇದ್ದರೂ ಒಳಗಿರುವುದು ರಬ್ಬರ್ ನಳಿಗೆಯೇ. ಬಿಸಿಗೆ ಅದು ಗಡುಸಾಗಿ ಸೀಳುತ್ತದೆ. ಜಾಲರಿಯ ಎಳೆ ಬಿಟ್ಟಿದ್ದರೆ, ತುಕ್ಕು ಹಿಡಿದಿದ್ದರೆ, ಪೈಪ್ ಉಬ್ಬಿದ್ದರೆ ಸೋರುವವರೆಗೂ ಕಾಯದೆ ಬದಲಿಸಿ. ಇದು ಒಡೆದರೆ ಹನಿಯಲ್ಲ, ಓವರ್‌ಹೆಡ್ ಟ್ಯಾಂಕ್ ಪೂರ್ತಿ ಮನೆಯೊಳಗೇ ಖಾಲಿಯಾಗುತ್ತದೆ.

ಎಲಿಮೆಂಟ್ ಇರುವ ಜಾಗ: ಗೀಸರ್‌ನ ತಳದ ಮುಚ್ಚಳದ ಒಳಗಿನಿಂದ ನೀರು ಬರುತ್ತಿದ್ದರೆ ರಬ್ಬರ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಯೇ ಕರೆಂಟ್ ಸಂಪರ್ಕವೂ ಇರುತ್ತದೆ. ಮುಚ್ಚಳ ಬಿಚ್ಚುವ ಸಾಹಸ ಬೇಡ. ಸರ್ವಿಸ್‌ನವರನ್ನೇ ಕರೆಯಿರಿ. ಅವರು ಬರುವವರೆಗೆ ಸ್ವಿಚ್ ಮುಟ್ಟಬೇಡಿ.

ಒಳಗಿನ ಟ್ಯಾಂಕ್: ಜಾಯಿಂಟ್ ಎಲ್ಲ ಒಣಗಿದೆ, ಆದರೂ ಕವಚದ ಅಡಿಯಿಂದ ತುಕ್ಕು ಬಣ್ಣದ ನೀರು ಬರುತ್ತಿದೆ ಎಂದರೆ ಟ್ಯಾಂಕೇ ತೂತಾಗಿದೆ. ಬಿಸಿನೀರಿನ ನಳದಲ್ಲಿ ಮಾತ್ರ ಕೆಂಪು ನೀರು ಬರುವುದೂ ಅದರ ಮುನ್ಸೂಚನೆಯೇ. ವೆಲ್ಡಿಂಗ್ ಮಾಡಿಸಿ ಇನ್ನೊಂದು ವರ್ಷ ದೂಡೋಣ ಎನ್ನುವ ಉಳಿತಾಯ ಬೇಡ. ಒಂದು ಕಡೆ ತೂತಾದ ತಗಡು ಪಕ್ಕದಲ್ಲೂ ತೆಳ್ಳಗಾಗಿರುತ್ತದೆ. ಹೊಸದು ತರುವುದೇ ದಾರಿ.

ಸೇಫ್ಟಿ ವಾಲ್ವ್ ಬಾಯಿ ಮುಚ್ಚಬೇಡಿ!

ಇದನ್ನು ಮಾತ್ರ ಎರಡು ಸಲ ಓದಿ. ಗೀಸರ್‌ಗೆ ತಣ್ಣೀರು ಹೋಗುವ ಪೈಪಿನಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ನೀರು ಬಿಸಿಯಾದಾಗ ಹಿಗ್ಗುತ್ತದೆ. 25 ಲೀಟರಿನ ಗೀಸರ್‌ನಲ್ಲಿ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಕಾದರೆ ಸುಮಾರು 400 ಮಿಲಿ ಲೀಟರ್‌ನಷ್ಟು, ಅಂದರೆ ಎರಡು ಲೋಟದಷ್ಟು ಹಿಗ್ಗುತ್ತದೆ. ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಏರುತ್ತದೆ. ಮಿತಿ ಮೀರಿದಾಗ ಆ ಹೆಚ್ಚಿನ ನೀರನ್ನು ಹೊರಗೆ ಬಿಡುವುದೇ ಈ ವಾಲ್ವ್‌ನ ಕೆಲಸ. ನಮ್ಮ ಕುಕ್ಕರ್‌ಗೆ ಸೀಟಿ ಇದ್ದ ಹಾಗೆ.

ಹಾಗಾಗಿ ನೀರು ಕಾಯುವಾಗ ಮಾತ್ರ ಸ್ವಲ್ಪ ತೊಟ್ಟಿಕ್ಕಿ, ಆಮೇಲೆ ನಿಂತರೆ ಅದು ಸೋರಿಕೆ ಅಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಗೀಸರ್ ಆಫ್ ಇದ್ದಾಗಲೂ ಹನಿ ನಿಲ್ಲದಿದ್ದರೆ ವಾಲ್ವ್‌ನಲ್ಲಿ ಸುಣ್ಣ ಸಿಕ್ಕಿಕೊಂಡಿರಬಹುದು, ಇಲ್ಲವೇ ನೀರಿನ ಒತ್ತಡ ಹೆಚ್ಚಿರಬಹುದು. ಬಿಸಿನೀರು, ಹಬೆ ಜೋರಾಗಿ ಬಂದರೆ ಥರ್ಮೋಸ್ಟಾಟ್ ಕೆಟ್ಟಿದೆ ಎಂದು ತಿಳಿದು ತಕ್ಷಣ ಮೇನ್ ಆಫ್ ಮಾಡಿ, ಎಲ್ಲರೂ ಬಚ್ಚಲಿನಿಂದ ಹೊರಗೆ ಬನ್ನಿ.

ಕೆಲವರು ಹನಿ ಬೀಳುವುದನ್ನು ತಡೆಯಲು ಆ ಬಾಯಿಗೆ ಎಂ-ಸೀಲ್ ಮೆತ್ತುವುದು, ಬಿರಡೆ ತುರುಕುವುದು ಮಾಡುತ್ತಾರೆ. ಕುಕ್ಕರ್‌ನ ಸೀಟಿ, ಸೇಫ್ಟಿ ಎರಡನ್ನೂ ಬಂದ್ ಮಾಡಿ ಒಲೆ ಮೇಲೆ ಇಟ್ಟ ಹಾಗೆ ಇದು! ಥರ್ಮೋಸ್ಟಾಟ್ ಕೂಡ ಕೈಕೊಟ್ಟರೆ ಗೀಸರ್ ಸಿಡಿಯುತ್ತದೆ. ಯಾವ ಪ್ಲಂಬರ್ ಹೇಳಿದರೂ ಒಪ್ಪಬೇಡಿ. ಬದಲಿಗೆ ಆ ಬಾಯಿಗೆ ಸಣ್ಣ ಪೈಪ್ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಬಚ್ಚಲ ಮೋರಿಯ ಹತ್ತಿರ, ಕಣ್ಣಿಗೆ ಕಾಣುವ ಹಾಗೆ ಬಿಡಿಸಿ. ಗೋಡೆಯೂ ಉಳಿಯಿತು, ಸೂಚನೆಯೂ ಕಾಣುತ್ತದೆ.

ತಿಂಗಳಿಗೆ ಹತ್ತು ನಿಮಿಷ

ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವೋ, ತಿಂಗಳ ಮೊದಲ ಭಾನುವಾರವೋ, ನಿಮಗೆ ನೆನಪಿರುವ ಒಂದು ದಿನ ಗೊತ್ತು ಮಾಡಿಕೊಳ್ಳಿ.

* ಗೀಸರ್ ಆಫ್ ಮಾಡಿ, ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ತುಕ್ಕಿನ ಗೆರೆ, ಬಿಳಿ ಉಪ್ಪಿನ ಗಂಟು ಕಂಡರೆ ಅಲ್ಲಿ ನೀರು ಸೋರಿ ಒಣಗಿದೆ ಎಂದೇ ಅರ್ಥ.
* ಕನೆಕ್ಷನ್ ಪೈಪ್, ಜಾಯಿಂಟ್‌ಗಳನ್ನು ಒಣ ಕೈಯಿಂದ ಸವರಿ.
* ಹಿಂಬದಿಯ ಗೋಡೆ, ಕಪಾಟು ನೋಡಿ. ಮಹಡಿ ಮನೆಯಾದರೆ ಕೆಳಗಿನವರ ಬಚ್ಚಲ ಛಾವಣಿಯಲ್ಲಿ ಕಲೆ ಇದೆಯೇ ಎಂದು ಕೇಳಿ. ಜಗಳವಾದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.
* ಕಿವಿಗೊಡಿ. ನೀರು ಕಾಯುವಾಗ ಟಪ್‌ಟಪ್, ಗುಡುಗುಡು ಸದ್ದು ಜೋರಾಗಿದೆಯೇ? ಒಳಗೆ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದೂ ಅದೇ ಲಕ್ಷಣ.
* ಗೀಸರ್‌ನ ಆಂಗಲ್ ಕಾಕ್ ಒಮ್ಮೆ ಮುಚ್ಚಿ ತೆರೆಯಿರಿ. ವರ್ಷಗಟ್ಟಲೆ ಮುಟ್ಟದಿದ್ದರೆ ಗಡಸು ನೀರಿಗೆ ಅದು ಬಿಗಿದುಕೊಳ್ಳುತ್ತದೆ. ಬೇಕಾದ ದಿನ ತಿರುಗುವುದೇ ಇಲ್ಲ!
* ಎಲ್ಲೋ ಸೋರುತ್ತಿದೆ, ಎಲ್ಲಿ ಎಂದು ಗೊತ್ತಾಗದ ಅನುಮಾನವೇ? ರಾತ್ರಿ ಮಲಗುವಾಗ ಎಲ್ಲ ನಳ ಮುಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿಸಿ. ಬೆಳಿಗ್ಗೆ ಇಳಿದಿದ್ದರೆ ಪ್ಲಂಬರ್‌ನನ್ನು ಕರೆಯುವ ಹೊತ್ತಾಯಿತು.

ವರ್ಷಕ್ಕೊಮ್ಮೆ 'ಹಂಡೆ ತೊಳೆಯುವ' ದಿನ

ನಮ್ಮ ಊರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಮಾರ್ಚ್ ಬಂತೆಂದರೆ ಓವರ್‌ಹೆಡ್ ಟ್ಯಾಂಕಿನ ನೀರೇ ಸುಡುತ್ತದೆ, ಗೀಸರ್ ಕಡೆ ಯಾರೂ ನೋಡುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಗೀಸರ್ ಅನ್ನು ಚಳಿ ಶುರುವಾದ ದಿನ ಒಮ್ಮೆಲೇ ಆನ್ ಮಾಡುತ್ತೇವೆ. ಒಣಗಿದ ಗ್ಯಾಸ್ಕೆಟ್, ಸುಣ್ಣ ಕಟ್ಟಿದ ವಾಲ್ವ್‌ಗಳ ಬಂಡವಾಳ ಬಯಲಾಗುವುದು ಆಗಲೇ. ಹಾಗಾಗಿ ದೀಪಾವಳಿಗೆ ಎರಡು ವಾರ ಮುಂಚೆಯೇ ಸರ್ವಿಸ್ ಮಾಡಿಸಿ. ಚಳಿ ಹೆಚ್ಚಾದ ಮೇಲೆ ಸರ್ವಿಸ್‌ನವರು ಫೋನ್ ಎತ್ತುವುದೂ ಕಷ್ಟ.

ಸರ್ವಿಸ್ ಎಂದರೆ ಹೊರಗೆ ಒರೆಸಿ ಬಿಲ್ ಕೊಡುವುದಲ್ಲ. ಈ ನಾಲ್ಕನ್ನು ನಿಮ್ಮ ಎದುರಿಗೇ ಮಾಡಿಸಿ: ಟ್ಯಾಂಕಿನ ನೀರು ಪೂರ್ತಿ ಇಳಿಸಿ ತಳದ ರಾಡಿ, ಸುಣ್ಣ ತೆಗೆಯುವುದು, ಎಲಿಮೆಂಟ್ ಹೊರತೆಗೆದು ಪದರು ಬಿಡಿಸುವುದು, ಸೇಫ್ಟಿ ವಾಲ್ವ್ ಪರೀಕ್ಷೆ, ಮತ್ತು ಆನೋಡ್ ರಾಡ್ ನೋಡುವುದು.

ಈ ಆನೋಡ್ ರಾಡ್ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಗೀಸರ್‌ನೊಳಗೆ ಇರುವ ಮೆಗ್ನೀಸಿಯಂ ಕಡ್ಡಿ ಅದು. ಟ್ಯಾಂಕಿನ ತಗಡು ತುಕ್ಕು ಹಿಡಿಯುವ ಬದಲು ತಾನೇ ಸವೆದು ಟ್ಯಾಂಕನ್ನು ಕಾಯುತ್ತದೆ. ಅದು ಪೂರ್ತಿ ಸವೆದ ಮೇಲೆ ತುಕ್ಕಿನ ಪಾಳಿ ಟ್ಯಾಂಕಿನದು. ಕಡ್ಡಿ ತೆಳ್ಳಗಾಗಿ ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಿ. ಗಡಸು ನೀರಿನ ಮನೆಯಲ್ಲಿ ಇದನ್ನು ವರ್ಷಕ್ಕೊಮ್ಮೆ ನೋಡಿಸಲೇಬೇಕು. ಕಡ್ಡಿಯ ಬೆಲೆಗೂ ಗೀಸರ್‌ನ ಬೆಲೆಗೂ ಎಲ್ಲಿಯ ಹೋಲಿಕೆ!

ಥರ್ಮೋಸ್ಟಾಟ್‌ನ ತಿರುಗಣಿ ಹೊರಗೆ ಇದ್ದರೆ 55ರಿಂದ 60 ಡಿಗ್ರಿಯೊಳಗೆ ಇಡಿ. ಅದಕ್ಕಿಂತ ಹೆಚ್ಚು ಕಾಸಿದರೆ ಸುಣ್ಣ ಬೇಗ ಕಟ್ಟುತ್ತದೆ, ಕರೆಂಟ್ ಬಿಲ್ ಏರುತ್ತದೆ, ಮಕ್ಕಳ ಕೈ ಸುಡುವ ಭಯವೂ ಇದೆ.

ಹೊಸ ಗೀಸರ್ ತರುವಾಗ

ಅಂಗಡಿಯಲ್ಲಿ ಬಣ್ಣ, ಆಫರ್ ನೋಡುವ ಮೊದಲು ಐಎಸ್ಐ ಗುರುತು, ಬಿಇಇ ಸ್ಟಾರ್ ಲೇಬಲ್ ನೋಡಿ. ಗಡಸು ನೀರಿಗೆ ತಕ್ಕ ಎಲಿಮೆಂಟ್, ಟ್ಯಾಂಕಿಗೆ ಗಾಜಿನ ಲೇಪ ಇದೆಯೇ ಎಂದು ಕೇಳಿ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಬಹುಮಹಡಿ ಕಟ್ಟಡದ ಕೆಳ ಅಂತಸ್ತಿನಲ್ಲಿದ್ದರೆ, ಅಥವಾ ಪ್ರೆಶರ್ ಪಂಪ್ ಇದ್ದರೆ, 8 ಬಾರ್ ತಡೆಯುವ ಗೀಸರ್ ಬೇಕೆಂದು ಸ್ಪಷ್ಟವಾಗಿ ಹೇಳಿ.

ವಾರಂಟಿ ಕಾರ್ಡ್ ಅಂಗಡಿಯಲ್ಲೇ ಓದಿ. ಟ್ಯಾಂಕಿಗೆ ಬೇರೆ, ಎಲಿಮೆಂಟಿಗೆ ಬೇರೆ ಅವಧಿ ಇರುತ್ತದೆ. ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಇರಬಹುದು. ಬಿಲ್ಲು, ಕಾರ್ಡು, ಪ್ರತಿ ಸರ್ವಿಸ್‌ನ ಚೀಟಿ ಒಂದೇ ಕವರಿನಲ್ಲಿಡಿ. ವಾರಂಟಿ ಇದ್ದೂ ಕಂಪನಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೂರಿಸುವ ದಿನ ನೀವು ಎದುರಿಗೇ ಇರಿ. 25 ಲೀಟರಿನ ಗೀಸರ್ ನೀರು ತುಂಬಿದ ಮೇಲೆ 30 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಅರ್ಧ ಇಟ್ಟಿಗೆಯ ತೆಳು ಗೋಡೆಗೆ ಸಣ್ಣ ಮೊಳೆ ಸಾಲದು. ಬಿಸಿನೀರಿಗೆ ಸಾದಾ ಪಿವಿಸಿ ಪೈಪ್ ಬೇಡ, ಅದು ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಸಿಪಿವಿಸಿಯಂಥ ಬಿಸಿನೀರಿನ ಪೈಪನ್ನೇ ಹಾಕಿಸಿ. ತಣ್ಣೀರಿನ ಕಡೆ ಕೈಗೆಟುಕುವ ಎತ್ತರದಲ್ಲಿ ಆಂಗಲ್ ಕಾಕ್ ಇರಲಿ. ಫಾಲ್ಸ್ ಸೀಲಿಂಗ್ ಮೇಲೋ ಅಟ್ಟದ ಮೇಲೋ ಗೀಸರ್ ಇಡುವುದಾದರೆ ಅಡಿಯಲ್ಲಿ ಒಂದು ಟ್ರೇ ಇಟ್ಟು, ಅದರಿಂದ ಮೋರಿಗೆ ಪೈಪ್ ಬಿಡಿಸಿ. ಅರ್ಥಿಂಗ್ ಸರಿಯಿರಲಿ, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ನೀರಿಗೆ ಕರೆಂಟ್ ಸೋರಿದರೆ ಕ್ಷಣದಲ್ಲಿ ಅದು ಕಡಿತ ಮಾಡುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಸ್ನಾನಕ್ಕೆ ಹೋಗುವ ಮೊದಲು ಗೀಸರ್ ಆಫ್ ಮಾಡುವುದಂತೂ ಮನೆಮಂದಿಗೆಲ್ಲ ರೂಢಿಯಾಗಬೇಕು.

ಇನ್ನೊಂದು ಮಾತು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಟ್ಯಾಂಕ್ ಖಾಲಿಯಾಗಿದ್ದಾಗ ಗೀಸರ್ ಆನ್ ಮಾಡಿದರೆ, ಒಳಗೆ ನೀರು ಕಡಿಮೆ ಇದ್ದಲ್ಲಿ ಎಲಿಮೆಂಟ್ ಸುಟ್ಟು ಹೋಗುತ್ತದೆ. ಬಿಸಿನೀರಿನ ನಳ ತಿರುಗಿಸಿ ಧಾರೆ ಸರಿಯಾಗಿ ಬರುತ್ತಿದೆ ಎಂದು ನೋಡಿಯೇ ಸ್ವಿಚ್ ಹಾಕಿ.

ಮಾಳಿಗೆ ಮೇಲಿನ ಸೋಲಾರ್

"ನಮ್ಮದು ಸೋಲಾರ್, ನಮಗೇನು ಚಿಂತೆ" ಎನ್ನುವವರೂ ಒಮ್ಮೆ ಮಾಳಿಗೆ ಹತ್ತಿ ನೋಡಿ. ಗಾಜಿನ ಕೊಳವೆಯ ಸೋಲಾರ್‌ನಲ್ಲಿ ಪ್ರತಿ ಕೊಳವೆ ಟ್ಯಾಂಕಿಗೆ ಸೇರುವಲ್ಲಿ ರಬ್ಬರ್ ರಿಂಗ್ ಇರುತ್ತದೆ. ನಮ್ಮ ಬಿಸಿಲಿಗೆ ಅದು ಬಿರುಕು ಬಿಟ್ಟು ಹನಿ ಶುರುವಾಗುತ್ತದೆ. ಮಾಳಿಗೆಯ ಮೇಲೆ ಸದಾ ಒದ್ದೆ, ಪಾಚಿ ಕಟ್ಟಿದ ಜಾಗ ಕಂಡರೆ ಅದೇ ಗುರುತು. ಅದರ ಕೆಳಗಿನ ಕೋಣೆಯ ಛಾವಣಿಯನ್ನೂ ನೋಡಿ. ಕೊಳವೆಗಳು ಖಾಲಿಯಾಗಿ ಮಧ್ಯಾಹ್ನದ ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ನೀರು ನಿಂತುಹೋಗಿ ಮತ್ತೆ ತುಂಬಿಸುವುದಿದ್ದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ತಂಪಾದ ಮೇಲೆ ತುಂಬಿಸಿ.

ಊರಿಗೆ ಹೊರಟಿರಾ?

ಮಕ್ಕಳ ರಜೆ, ತವರಿನ ಜಾತ್ರೆ, ಘತ್ತರಗಿ ದೇವಿಯ ದರ್ಶನ. ಎರಡು ದಿನ ಎಂದು ಹೋದವರು ನಾಲ್ಕು ದಿನ ಉಳಿಯುವುದು ನಮ್ಮ ರೂಢಿ. ಮನೆ ಖಾಲಿ ಇರುವಾಗ ಆಗುವ ಸೋರಿಕೆಯನ್ನು ತಡೆಯುವವರೇ ಇರುವುದಿಲ್ಲ. ಗ್ಯಾಸ್ ಬಂದ್ ಮಾಡಿದೆನೇ, ಬಾಗಿಲ ಕೀಲಿ ಹಾಕಿದೆನೇ ಎಂದು ಎರಡು ಸಲ ನೋಡುತ್ತೀರಲ್ಲ, ಅದಕ್ಕೆ ಇನ್ನೆರಡು ಸೇರಿಸಿಕೊಳ್ಳಿ: ಗೀಸರ್‌ನ ಎಂಸಿಬಿ ಆಫ್, ಓವರ್‌ಹೆಡ್ ಟ್ಯಾಂಕಿನಿಂದ ಮನೆಯೊಳಗೆ ಬರುವ ಮೇನ್ ವಾಲ್ವ್ ಬಂದ್. ವಾಪಸ್ ಬಂದಾಗ ಮೊದಲು ವಾಲ್ವ್ ತೆರೆದು, ಬಿಸಿನೀರಿನ ನಳದಲ್ಲಿ ಧಾರೆ ಬಂದ ಮೇಲೆಯೇ ಸ್ವಿಚ್.

ಆ ಮೇನ್ ವಾಲ್ವ್ ಎಲ್ಲಿದೆ ಎಂಬುದು ಮನೆಯ ಯಜಮಾನರಿಗಷ್ಟೇ ಗೊತ್ತಿದ್ದರೆ ಸಾಲದು. ಅವರು ಆಫೀಸಿನಲ್ಲಿರುವಾಗಲೇ ಪೈಪ್ ಒಡೆಯುವುದು! ವಾಲ್ವ್‌ಗೆ ಕೆಂಪು ರಿಬ್ಬನ್ ಕಟ್ಟಿ. ನೀವೇ ಒಮ್ಮೆ ಮುಚ್ಚಿ ತೆರೆದು ನೋಡಿ. ಅತ್ತೆಯವರಿಗೆ, ಹೈಸ್ಕೂಲ್ ಓದುವ ಮಕ್ಕಳಿಗೆ, ಮನೆಗೆಲಸಕ್ಕೆ ಬರುವವರಿಗೂ ತೋರಿಸಿ.

ಸೋರಿಯೇ ಬಿಟ್ಟರೆ ಏನು ಮಾಡಬೇಕು?

1. ಗೀಸರ್‌ನ ಗೋಡೆ ಸ್ವಿಚ್ ಮುಟ್ಟಬೇಡಿ, ಅದು ಒದ್ದೆಯಾಗಿರಬಹುದು. ಒಣ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಮೇನ್ ಬೋರ್ಡಿನಲ್ಲೇ ಎಂಸಿಬಿ ಇಳಿಸಿ. ಬೋರ್ಡಿನ ಹತ್ತಿರವೂ ನೀರಿದ್ದರೆ ಹೋಗಬೇಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

2. ಕರೆಂಟ್ ಹೋದ ಮೇಲೆ ಆಂಗಲ್ ಕಾಕ್ ಮುಚ್ಚಿ. ಅದು ತಿರುಗದಿದ್ದರೆ ಮನೆಯ ಮೇನ್ ವಾಲ್ವ್ ಮುಚ್ಚಿ.

3. ಗೀಸರ್ ಕೆಳಗೆ ನಿಲ್ಲಬೇಡಿ. ಒಳಗಿನ ನೀರು ತುಂಬ ಹೊತ್ತು ಸುಡುತ್ತಿರುತ್ತದೆ.

4. ಒರೆಸುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ವಾರಂಟಿಗೂ, ಕೆಳಗಿನ ಮನೆಯವರ ಜೊತೆ ಮಾತಾಡಲೂ ಬೇಕಾಗುತ್ತದೆ.

5. ಗೋಡೆಗಂಟಿದ ಕಪಾಟು ಖಾಲಿ ಮಾಡಿ. ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಒದ್ದೆ ರೇಷ್ಮೆಯನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಹರವಿ.

6. ಗೋಡೆ ಪೂರ್ತಿ ಒಣಗುವ ಮೊದಲು ಬಣ್ಣ ಹೊಡೆಸಬೇಡಿ. ಇದಕ್ಕೆ ವಾರಗಳೇ ಹಿಡಿಯಬಹುದು. ಅವಸರ ಮಾಡಿದರೆ ಒಳಗಿನ ತೇವ ಹೊಸ ಬಣ್ಣವನ್ನೂ ಉಬ್ಬಿಸುತ್ತದೆ.

7. ಹೊಳೆ ನೀರೋ ಮಳೆ ನೀರೋ ನುಗ್ಗಿ ಗೀಸರ್, ಅದರ ಪ್ಲಗ್ಗು, ವೈರು ಮುಳುಗಿದ್ದರೆ, ಒಣಗಿದಂತೆ ಕಂಡರೂ ಎಲೆಕ್ಟ್ರಿಷಿಯನ್ ನೋಡುವವರೆಗೆ ಆನ್ ಮಾಡಬೇಡಿ.

ನೋಡಿ, ಇದರಲ್ಲಿ ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ. ತಿಂಗಳಿಗೆ ಹತ್ತು ನಿಮಿಷದ ಕಣ್ಣು, ವರ್ಷಕ್ಕೊಂದು ಸರ್ವಿಸ್, ಒಂದು ಕೆಂಪು ರಿಬ್ಬನ್. ನಮ್ಮ ಹಿರಿಯರು ಹಂಡೆಗೆ ವರ್ಷಕ್ಕೊಂದು ದಿನ ಗೊತ್ತು ಮಾಡಿದ್ದು ಸುಮ್ಮನೆ ಅಲ್ಲ. ಈ ಸಲದ ನೀರು ತುಂಬುವ ಹಬ್ಬದ ಕೆಲಸದ ಪಟ್ಟಿ ಬರೆಯುವಾಗ, ಬಚ್ಚಲು ತೊಳೆಯುವುದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಗೀಸರ್ ಸರ್ವಿಸ್. ಆಮೇಲೆ ನಿಶ್ಚಿಂತೆಯಿಂದ ಎಣ್ಣೆ ಸ್ನಾನ ಮಾಡಿ!